ದಾಮಿ ಕುಕ್ಕಿದ ಬಟ್ಟಲು

“ನನ್ನ ಕಾದಂಬರೀಲಿ ಇಬ್ಬರು ಹುಡುಗೀರು ಕಣ್ರೇ. ಒಬ್ಬಳು ದಾಮಿ, ಇನ್ನೊಬ್ಬಳು ಗ್ಯೂರಿ. ದಾಮಿಗೆ ಮೂಗಿನ ತುದೀಲೇ ಸಿಟ್ಟು. ಗ್ಯೂರಿ ಬೆಣ್ಣೆ ಮುದ್ದೆ, ಯಾರೇನಂದ್ರೂ ಹೂಂ ಅಂತಾಳೆ, ದಾಮಿ ಚೀಲಾನೂ ಇವಳೇ ಹೊರ್ತಾಳೆ. ಕಥೆ ಶುರುವಾಗೋದು ಕಾಲೇಜಿಗೆ ಸೇರೋ ಆ ದೊಡ್ಡ ಪರೀಕ್ಷೆ ದಿನ. ಅವತ್ತೇ ದಾಮಿ ಹುಟ್ಟಿದ ದಿನಾನೂ. ಅವಳಮ್ಮ ಹುಟ್ಟಿದ ದಿನ ಅಲ್ವಾ ಅಂತ ಕಡಲಪಾಚಿ ಸಾರು ಮಾಡಿಟ್ಟುಬಿಡ್ತಾಳೆ. ಪರೀಕ್ಷೆ ದಿನ ಯಾರಾದ್ರೂ ಪಾಚಿ ತಿಂತಾರಾ, ಜಾರಿ ಬೀಳಲ್ವಾ? ದಾಮಿ ಬಟ್ಟಲು ಎತ್ತಿ ಮೋರಿಗೆ ಸುರಿದು ಹೊರಟುಹೋಗ್ತಾಳೆ. ಫೇಲೂ ಆಗ್ತಾಳೆ. ಮಾರನೇ ವರ್ಷ ಮತ್ತೆ ಪರೀಕ್ಷೆ, ಮತ್ತೆ ಅವತ್ತೇ ಹುಟ್ಟಿದ ದಿನ. ಹೇಗೆ ಕೂಡಿ ಬಂತು ಅಂತ ಕೇಳಬೇಡಿ, ಕಥೆ ನಂದು, ನಾನು ಕೂಡಿಸಿದೀನಿ. ಆ ಎರಡನೇ ಬೆಳಿಗ್ಗೆ ದಾಮಿ ಏನು ಮಾಡ್ತಾಳೆ? ಅದು ಗೊತ್ತಾಗೋ ತನಕ ನಾನು ಬಿಡೋಳಲ್ಲ.”

ಹೀಗೆ ಹೇಳಿದವಳು ಬುನ್ರೆ. ತೊಂಗ್ಯೊಂಗ್ ಬಂದರಿನಲ್ಲಿ, ಕಡಲ ಸಿಂಪಿಯ ಚಿಪ್ಪು ಬಿಡಿಸಿ ತಿರುಳು ತೆಗೆಯುವ ಶೆಡ್ಡಿನಲ್ಲಿ ಕಿಟಕಿ ಪಕ್ಕದ ಜಾಗ ಅವಳದು. ಮದುವೆಯಾಗಿ ಬಂದ ವರ್ಷ ಹಿಡಿದ ಚೂರಿ ಇನ್ನೂ ಕೆಳಗಿಟ್ಟಿಲ್ಲ. ಗಂಡ ತೀರಿಕೊಂಡ ಮೇಲೆ ಬರೆಯಲು ಹತ್ತಿದಳು. ಬೆಳಗಿನ ಪಾಳಿ ಮುಗಿಸಿ ಮನೆಗೆ ಹೋಗುವುದು, ಕೈಗೆ ಎಣ್ಣೆ ತಿಕ್ಕಿಕೊಳ್ಳುವುದು, ಊಟದ ಗಿಡ್ಡ ಮೇಜನ್ನೇ ಒರೆಸಿ ಬರೆಯಲು ಕೂರುವುದು. ಹದಿನಾರು ಹದಿನೇಳರ ಹುಡುಗಿಯರು ಓದುವಂಥ ಕಥೆ. ತನಗೆ ಆ ವಯಸ್ಸಿನಲ್ಲಿ ಓದಲು ಏನೂ ಸಿಗಲಿಲ್ಲ, ಅದಕ್ಕೆ ಅನ್ನುತ್ತಿದ್ದಳು.

ಬರೆದದ್ದನ್ನು ರಾಜಧಾನಿ ಸೋಲ್‌ನ ಒಂದು ಪ್ರಕಾಶನಕ್ಕೆ ಕಳಿಸಿದ್ದಳು. ಅಲ್ಲಿನ ಸಂಪಾದಕಿ ಮಿನ್ ಒಳ್ಳೆ ಹೆಣ್ಣು, ಆದರೆ ಬೆಣ್ಣೆ ಹಚ್ಚುವವಳಲ್ಲ. ಫೋನಿನಲ್ಲಿ ನೇರವಾಗಿ ಅಂದುಬಿಟ್ಟಳು: “ಅಮ್ಮಾ, ಮೊದಲ ಪುಟದಲ್ಲಿ ದಾಮಿ ಸಿಡುಕಿ. ಕೊನೇ ಪುಟದಲ್ಲಿ ಅಮ್ಮನ ಕಾಲಿಗೆ ಬಿದ್ದು, ಈಗ ನಾನು ಬದಲಾದೆ ಅಂತ ಭಾಷಣ ಮಾಡ್ತಾಳೆ. ಬದಲಾಗಿದ್ದು ಯಾವಾಗ? ನನಗಂತೂ ಕಾಣಲಿಲ್ಲ. ಗ್ಯೂರಿ ಹೇಗೆ ಬಂದಳೋ ಹಾಗೇ ಹೋದಳು. ಹುಡುಗೀರು ಸುಳ್ಳನ್ನ ಮೊದಲು ಹಿಡೀತಾರೆ. ವರ್ಷ ಮುಗಿಯೋದ್ರೊಳಗೆ ಸರಿ ಮಾಡಿ ಕೊಟ್ರೆ ವಸಂತಕ್ಕೆ ಪುಸ್ತಕ. ಇಲ್ಲಾಂದ್ರೆ ನನ್ನ ಕೈಲಿ ಆಗಲ್ಲ.”

ಬುನ್ರೆ ಎರಡು ದಿನ ಮುಖ ಊದಿಸಿಕೊಂಡಳು. ಮೂರನೇ ದಿನ, “ಅವಳು ಹೇಳಿದ್ದು ನಿಜ,” ಅಂತ ತಾನೇ ಒಪ್ಪಿಕೊಂಡು ಆ ಭಾಷಣದ ಹಾಳೆಗಳನ್ನು ಒಲೆಗೆ ಹಾಕಿದಳು. ಅವತ್ತಿನಿಂದ ಶೆಡ್ಡಿನಲ್ಲಿ ಎಲ್ಲರ ತಲೆ ತಿನ್ನಲು ಶುರು.

“ಆ ದಾಮೀನ ಗೋಳೋ ಅಂತ ಅಳಿಸು, ಚೆನ್ನಾಗಿ ಅಳಿಸು,” ಅಂದಳು ಪಕ್ಕದ ಜಂಗಿಮ್, ಸಿಂಪಿಯ ಸಂದಿಗೆ ಚೂರಿ ತೂರಿಸುತ್ತಾ.

“ಅಳಿಸಿ ನೋಡಾಯ್ತು. ಅಳು ಒಣಗಿದ ಮೇಲೆ ಅವಳು ಮತ್ತೆ ಅದೇ ದಾಮಿ.”

“ಆ ಗ್ಯೂರಿ ತಂಟೆಗೆ ಮಾತ್ರ ಹೋಗಬೇಡ ಕಣೇ,” ಅಂದಳು ಮಾಲ್ಸುನ್ ಅಜ್ಜಿ. ಶೆಡ್ಡಿಗೆಲ್ಲ ಹಿರಿಯಳು. “ಚಿನ್ನದಂಥ ಹುಡುಗಿ. ನನ್ನ ಮೊಮ್ಮಗನಿಗೆ ತಂದುಕೊಳ್ಳೋಣ ಅಂತಿದೀನಿ.”

“ನಿನ್ನ ಮೊಮ್ಮಗನ ಚೀಲಾನೂ ಹೊರಲಿ ಅಂತಾನಾ ಅಜ್ಜಿ?” ಅಂದಳು ಬುನ್ರೆ.

ಶೆಡ್ಡೆಲ್ಲ ನಕ್ಕಿತು. ಬುನ್ರೆಯ ಕೈ ಮಾತ್ರ ಚಿಪ್ಪಿನ ಮೇಲೇ ನಿಂತಿತು. ತಮಾಷೆಗೆ ಆಡಿದ ಮಾತು ತನಗೇ ಚುಚ್ಚಿತ್ತು: ಗ್ಯೂರಿ ಕೊನೇತನಕ ಬೇರೆಯವರ ಚೀಲವನ್ನೇ ಹೊರಬೇಕಾ?

ನವೆಂಬರ್ ಬಂತು. ಜಂಗಿಮ್‌ಳ ಮಗಳು ಹೇಯಿನ್‌ಗೂ ಆ ವರ್ಷ ದೊಡ್ಡ ಪರೀಕ್ಷೆ. ಒಂದು ಬೆಳಿಗ್ಗೆ ಜಂಗಿಮ್ ಮೆಲ್ಲಗೆ ಬಾಯಿಬಿಟ್ಟಳು: “ನಿನ್ನ ಕಥೆ ಕೇಳಿದಾಗಿನಿಂದ ಎದೆ ಢವಢವ ಅಂತಿದೆ ಕಣೇ. ನಮ್ಮ ಹೇಯಿನ್ ಹುಟ್ಟಿದ ದಿನಾನೂ ಈ ಸಲ ಪರೀಕ್ಷೆ ದಿನವೇ ಬಿದ್ದಿದೆ. ಸಾರು ಮಾಡ್ಲಾ, ಬಿಡ್ಲಾ?”

ಅಷ್ಟು ಸಾಕಾಯಿತು. ಒಬ್ಬಳು ಮಾಡಬೇಡ ಅಂದಳು, ಅಂಟು ಮಿಠಾಯಿ ಕೊಟ್ಟು ಕಳಿಸು, ಪಾಸಿಗೆ ಅಂಟಿಕೊಳ್ಳಲಿ ಅಂದಳು. ಇನ್ನೊಬ್ಬಳು, ಹೆತ್ತವಳು ಬಾಣಂತನದಲ್ಲಿ ಕುಡಿಯೋದೇ ಪಾಚಿ ಸಾರು, ಹುಟ್ಟಿದ ದಿನ ಅದಿಲ್ಲದ ಮಗು ಅನಾಥ ಮಗು ಅಂದಳು. ಎಲ್ಲರೂ ಬುನ್ರೆಯ ಕಡೆ ತಿರುಗಿದರು.

“ನನ್ನ ಕೇಳಬೇಡಿ. ನನ್ನ ದಾಮೀನೇ ಇನ್ನೂ ಬಾಯಿ ಬಿಟ್ಟಿಲ್ಲ.”

ಪರೀಕ್ಷೆಯ ದಿನ, ಮಕ್ಕಳಿಗೆ ದಾರಿ ಬಿಡಲೆಂದು ಎಲ್ಲ ಕಡೆ ಇರುವಂತೆ ಶೆಡ್ಡಿನಲ್ಲೂ ಕೆಲಸ ತಡವಾಗಿ ಶುರು. ಜಂಗಿಮ್ ಕೊನೆಗೆ ಬಂದಳು. ಕಣ್ಣು ಕೆಂಪಗಿತ್ತು, ಬಾಯಲ್ಲಿ ನಗು.

“ಸಾರು ಮಾಡ್ದೆ ಕಣೇ, ಮನಸ್ಸು ತಡೀಲಿಲ್ಲ. ಮಾಡಿ, ಪಾತ್ರೆ ಮೇಲೆ ಬಟ್ಟೆ ಮುಚ್ಚಿ ಬಚ್ಚಿಟ್ಟಿದ್ದೆ. ವಾಸನೆ ಬಚ್ಚಿಡೋಕಾಗುತ್ತಾ? ಎದ್ದು ಬಂದವಳು ‘ಏನಮ್ಮಾ ಇದು, ತಲೆ ಕೆಟ್ಟಿದ್ಯಾ’ ಅಂತ ಕೂಗಾಡಿದಳು. ಬಾಗಿಲ ತನಕ ಹೋದಳು, ಒಂದು ಕಾಲು ಬೂಟ್ಸಿನೊಳಗೂ ಇಟ್ಟಳು. ಆಮೇಲೆ ಅದೇನನ್ನಿಸ್ತೋ, ವಾಪಸ್ ಬಂದು ಬಟ್ಟಲಿಗೆ ಬಡಿಸಿ ನನ್ನ ಮುಂದೆ ದಢಾರಂತ ಕುಕ್ಕಿದಳು. ‘ಹೆತ್ತೋಳು ನೀನು, ನೀನು ಕುಡಿ. ಪರೀಕ್ಷೆ ಬರೆಯೋದು ನೀನಲ್ವಲ್ಲ!’ ಅಂದು ಬಾಗಿಲು ಬಡಿದುಕೊಂಡು ಹೋದಳು.”

“ಕುಡಿದ್ಯಾ?” ಅಂತ ಕೇಳಿದಳು ಮಾಲ್ಸುನ್ ಅಜ್ಜಿ.

“ಬಟ್ಟಲು ನೆಕ್ಕಿಬಿಟ್ಟೆ.”

ಬುನ್ರೆ ಚೂರಿ ಕೆಳಗಿಟ್ಟಳು. ಜಂಗಿಮ್ ಕಡೆ ತಿರುಗಿ ಕೇಳಿದಳು: “ಹೇಯಿನ್ ಅಮ್ಮಾ, ಈ ಬಟ್ಟಲನ್ನ ನನ್ನ ದಾಮಿಗೆ ಕೊಡ್ತೀಯಾ?”

“ತಗೋ. ಆದ್ರೆ ಅವಳಿಗೆ ಮೂಗು ಸ್ವಲ್ಪ ಉದ್ದ ಇಡು, ನಮ್ಮದು ಚಪ್ಪಟೆ ಅಂತ ಮಗಳಿಗೆ ಕೊರಗು.”

ಬಟ್ಟಲು ಸಿಕ್ಕಿತು ಅಂತ ಕಥೆ ಮುಗಿಯಲಿಲ್ಲ. ಕುಕ್ಕುವುದು ಸುಲಭ, ಬಾಗಿಲಿಂದ ವಾಪಸ್ ಬರುವುದು ಕಷ್ಟ. ದಾಮಿ ಯಾಕೆ ವಾಪಸ್ ಬಂದಳು? ಹೆಣೆದ ಸ್ವೆಟರ್ ಬಿಚ್ಚಿದ ಹಾಗೆ ಬುನ್ರೆ ನಡುವಿನ ಪುಟಗಳನ್ನೆಲ್ಲ ಬಿಚ್ಚಿದಳು. ಫೇಲಾದ ಚಳಿಗಾಲದಲ್ಲಿ ದಾಮಿಯನ್ನು ಅಮ್ಮನ ಜೊತೆ ಸಿಂಪಿ ಬಿಡಿಸಲು ಇಂಥದೇ ಶೆಡ್ಡಿಗೆ ಕಳಿಸಿದಳು. ಅವಳ ಬೆರಳು ಕೊಯ್ಯಿಸಿದಳು. ತಾನು ಒಂದು ಚಿಪ್ಪು ತೆರೆಯುವಷ್ಟರಲ್ಲಿ ಅಮ್ಮನ ಬುಟ್ಟಿ ಖಾಲಿಯಾಗುವುದನ್ನು ಬಾಯಿಮುಚ್ಚಿಕೊಂಡು ನೋಡುವ ಹಾಗೆ ಮಾಡಿದಳು. ಅವಳನ್ನು ಒಳ್ಳೆಯವಳನ್ನಾಗಿ ಮಾಡಲಿಲ್ಲ. ಸಿಟ್ಟು ಹಾಗೇ ಇರಲಿ, ಅದು ಹೋಗುವ ದಾರಿ ಬೇರೆಯಾಗಲಿ ಅಂದುಕೊಂಡಳು. ಇನ್ನು ಗ್ಯೂರಿ. ಅವಳಿಗಾಗಿ ಒಂದು ಮಳೆಯ ಸಂಜೆ ಬರೆದಳು. ದಾಮಿ ಎಂದಿನಂತೆ ಚೀಲ ಚಾಚುತ್ತಾಳೆ. ಗ್ಯೂರಿ ಕೈ ಹಿಂದೆ ಕಟ್ಟಿಕೊಂಡು, “ಇವತ್ತಿಂದ ನಿಂದು ನೀನೇ ಹೊತ್ಕೋ,” ಅಂತಾಳೆ. ಚಾಚಿದ ಚೀಲ ಮಳೆಯಲ್ಲಿ ನೆನೆಯುತ್ತದೆ, ಗ್ಯೂರಿಯ ಕೈ ಮಾತ್ರ ಮುಂದೆ ಬರುವುದಿಲ್ಲ.

ತಿದ್ದಿದ ಹಾಳೆಗಳು ಸೋಲ್‌ಗೆ ಹೋದವು. ವರ್ಷದ ಕೊನೆಯ ವಾರ ಶೆಡ್ಡಿನಲ್ಲಿ ಬುನ್ರೆಯ ಫೋನು ಬಡಿದುಕೊಂಡಿತು. ಕೈಗವಸಿನ ತುಂಬ ಉಪ್ಪುನೀರು. ಮಾಲ್ಸುನ್ ಅಜ್ಜಿಯೇ ಫೋನು ತೆಗೆದು ಅವಳ ಕಿವಿಗೆ ಒತ್ತಿ ಹಿಡಿದಳು, ತನ್ನ ಕಿವಿಯನ್ನೂ ಅದಕ್ಕೇ ತಾಗಿಸಿದಳು.

“ಅಮ್ಮಾ, ಈಗ ಕಂಡರು ಇಬ್ಬರೂ,” ಅಂದಳು ಮಿನ್. “ವಸಂತಕ್ಕೆ ಪುಸ್ತಕ. ಆ ಬಟ್ಟಲು ಕುಕ್ಕೋ ಜಾಗದಲ್ಲಿ ಒಂದಕ್ಷರಾನೂ ಮುಟ್ಟಬೇಡಿ.”

“ಮುಟ್ಟಲ್ಲ,” ಅಂದಳು ಬುನ್ರೆ.

ಜಂಗಿಮ್ ಚಪ್ಪಾಳೆ ತಟ್ಟಿದಳು, ಮೂಗು ಎಷ್ಟು ಉದ್ದ ಇಟ್ಟೆ ಅಂತ ಕೇಳಿದಳು. ಮಾಲ್ಸುನ್ ಅಜ್ಜಿ ಮಾತ್ರ ಫೋನನ್ನು ಬುನ್ರೆಯ ಜೇಬಿಗೆ ತುರುಕುತ್ತಾ ಗೊಣಗಿದಳು. “ಹಾಳು ಮಾಡಿಬಿಟ್ಟೆ ಆ ಗ್ಯೂರೀನ. ಇನ್ನು ನನ್ನ ಮೊಮ್ಮಗ ಅವಳ ಚೀಲ ಹೊರಬೇಕು.”

“ಹೊರಲಿ ಬಿಡು ಅಜ್ಜಿ, ಗಟ್ಟಿಮುಟ್ಟಾಗಿದಾನೆ.”

ಬುನ್ರೆ ತನ್ನ ಬುಟ್ಟಿಯನ್ನು ಎಳೆದುಕೊಂಡಳು. ಎಡಗೈಯಲ್ಲಿ ಒಂದು ಸಿಂಪಿ ಎತ್ತಿ, ಸಂದಿ ಹುಡುಕಿ, ಚೂರಿ ತೂರಿಸಿ ತಿರುವಿದಳು. ತಿರುಳನ್ನು ಬೋಗುಣಿಗೆ ಜಾರಿಸಿ, ಚಿಪ್ಪನ್ನು ಹಿಂದಕ್ಕೆಸೆದು, ಇನ್ನೊಂದಕ್ಕೆ ಕೈ ಚಾಚಿದಳು.