ಹದಿಮೂರನೆಯ ಕುರ್ಚಿಯ ಆರ್ಡಿಸ್

ನೆಬ್ರಾಸ್ಕಾದ ವಿಲ್ಬಿ ಊರಿನ ಆರ್ಡಿಸ್ ವೊಂಡ್ರಾ ಹುಟ್ಟಿದ್ದೇ ಬದಲಿಯಾಗಲು ಎನ್ನಬೇಕು. ಶಾಲೆಯ ಅಡುಗೆಯವಳು ರಜೆ ಹಾಕಿದರೆ ಸೌಟು ಹಿಡಿಯುವವಳು ಈಕೆ. ಚರ್ಚಿನಲ್ಲಿ ಆರ್ಗನ್ ನುಡಿಸುವಾಕೆಗೆ ನೆಗಡಿಯಾದರೆ ಅಲ್ಲಿಗೂ ಈಕೆಯೇ. ಅರವತ್ತೊಂದರ ವಯಸ್ಸಿನಲ್ಲಿ ಕೋರ್ಟು ಕೂಡ ಅವಳನ್ನು ಬದಲಿ ಜ್ಯೂರರ್ ಆಗಿಯೇ ಆರಿಸಿತು. ತೀರ್ಪು ಹೇಳುವ ಹನ್ನೆರಡು ಮಂದಿ ಊರವರ ಪಕ್ಕ ಹದಿಮೂರನೆಯ ಕುರ್ಚಿ. ಎಂಟು ದಿನ ಸಾಕ್ಷಿಗಳನ್ನೆಲ್ಲ ಕೇಳಬೇಕು, ತೀರ್ಪಿನ ಮಾತುಕತೆಗೆ ಮಾತ್ರ ಒಳಗೆ ಹೋಗುವಂತಿಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಆರೋಪಿ ಲೈಲ್ ಟೂಮಿ, ಕೂಲಿಯಾಳು. ಒಂದು ಭಾನುವಾರ ಊರಿನ ಕಾಳಿನ ಉಗ್ರಾಣಕ್ಕೆ ಬೆಂಕಿ ಇಟ್ಟನೆಂದು ಕೇಸು. ತಪ್ಪಿತಸ್ಥನೆಂದರೆ ಹತ್ತು ವರ್ಷ ಜೈಲು.

ಹನ್ನೆರಡು ಮಂದಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆರ್ಡಿಸ್ ಮನೆಗೆ ಬಂದು ಬಾಯಿಗೆ ಬೀಗ ಹಾಕಿಕೊಂಡಳು.

"ನಂಗಾದ್ರೂ ಹೇಳೇ, ಹಚ್ಚಿದ್ನೋ ಇಲ್ವೋ?" ಎಂದು ತಂಗಿ ಪೀಡಿಸಿದಳು.

"ಜಡ್ಜು ಮಾತಾಡ್ಬೇಡ ಅಂದಿದಾರೆ. ಸುಮ್ನೆ ಕಾಫಿ ಕುಡಿ."

ಮೂರನೆಯ ಬೆಳಿಗ್ಗೆ ಕೋರ್ಟಿನಿಂದ ಫೋನ್ ಬಂತು. ಏಳನೆಯ ನಂಬರಿನ ಜ್ಯೂರರಿಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದ್ದರು. ಆ ಜಾಗದಲ್ಲಿ ಆರ್ಡಿಸ್ ಕೂತಳು. ಜಡ್ಜ್ ಉಳಿದ ಹನ್ನೊಂದು ಮಂದಿಗೆ ಹೇಳಿದರು: "ಈವರೆಗೆ ನೀವು ಮಾತಾಡಿಕೊಂಡಿದ್ದೆಲ್ಲ ಬಿಟ್ಟುಬಿಡಿ. ಮೊದಲಿಂದ ಶುರು ಮಾಡಿ."

"ಎರಡು ದಿನ ಗಂಟಲು ಹರ್ಕೊಂಡಿದ್ದು ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತಲ್ರಪ್ಪಾ!" ಎಂದು ಒಳಕೋಣೆಗೆ ಬಂದೊಡನೆ ಗೊಣಗಿದ್ದು ಗಸ್ ಹೋಮ್‌ಗ್ರೆನ್, ದನದ ಮೇವಿನ ಅಂಗಡಿಯವನು, ಜ್ಯೂರಿಯ ಮುಖಂಡ. ಗೊಣಗುತ್ತಲೇ ಎದ್ದು ಗೋಡೆಗೆ ಅಂಟಿಸಿದ್ದ ಟಿಪ್ಪಣಿ ಹಾಳೆಗಳನ್ನು ಕಿತ್ತು ಹರಿದುಹಾಕಿದ. ಒಬ್ಬೊಬ್ಬರಾಗಿ ಎಲ್ಲರೂ ತಮ್ಮ ಮುಂದಿನ ಮತಚೀಟಿಗಳನ್ನು ಹರಿದು ಬುಟ್ಟಿಗೆ ಹಾಕಿದರು. ಆರ್ಡಿಸ್ ಆ ಬುಟ್ಟಿಯನ್ನೇ ನೋಡುತ್ತ ಕೂತಳು. ಅರವತ್ತೊಂದು ವರ್ಷದಲ್ಲಿ ಅವಳಿಗಾಗಿ ಯಾರೂ ಒಂದು ಮಾತನ್ನು ಎರಡನೆಯ ಸಲ ಹೇಳಿದವರಲ್ಲ. ಇಲ್ಲಿ ಹನ್ನೊಂದು ಮಂದಿ ಎರಡು ದಿನವನ್ನೇ ಅಳಿಸಿ ಕೂತಿದ್ದರು.

ಗಸ್ ಮೊದಲ ಸಾಕ್ಷಿಯಿಂದ ಹಿಡಿದ. ಉಗ್ರಾಣದ ಎದುರುಮನೆಯಾಕೆ, ಲೈಲನನ್ನು ಕಂಡೆನೆಂದ ಒಬ್ಬಳೇ ಒಬ್ಬಳು. "ಊರಿನ ಮಧ್ಯಾಹ್ನ ಹನ್ನೆರಡರ ಸೈರನ್ ಕೂಗ್ತಿತ್ತು, ತಲೆ ಎತ್ತಿ ನೋಡಿದ್ರೆ ಲೈಲ್ ಓಡ್ತಿದ್ದ, ಅಂದ್ಳಲ್ವಾ?"

"ಭಾನುವಾರ ಸೈರನ್ ಎಲ್ಲಿ ಕೂಗುತ್ತೆ?" ಎಂದಳು ಆರ್ಡಿಸ್. "ಪಾದ್ರಿಗಳು ಹನ್ನೆರಡು ದಾಟಿದ್ರೂ ಉಪದೇಶ ನಿಲ್ಸಲ್ಲ, ಇವತ್ತಾದ್ರೂ ಅದು ಕೂಗಬಾರ್ದಾ ಅಂತ ಆರ್ಗನ್ ಮುಂದೆ ಕೂತು ಎಷ್ಟು ಸಲ ಬಯ್ಕೊಂಡಿದೀನಿ ನಾನು!"

ವಕೀಲರು ದೂರದ ಪಟ್ಟಣದವರು, ಅವರಿಗೆ ತಿಳಿಯದು. ಊರಿನವರಿಗೋ, ವಾರದ ಆರು ದಿನ ಕೇಳಿ ಕೇಳಿ ಏಳನೆಯ ದಿನವೂ ಕಿವಿಯೇ ಕೂಗಿಕೊಳ್ಳುತ್ತಿತ್ತು.

"ನನ್ನ ಅಂಗಡಿ ಆ ಸೈರನ್ ಕೆಳಗೇ ಇದೆ ಕಣೆ," ಎಂದು ಗಸ್ ತಲೆಯ ಮೇಲೆ ಕೈಹೊತ್ತ. "ನಿನ್ನೆ ನಾವೆಲ್ಲ..."

"ನಿನ್ನೆ ಅನ್ನೋದು ಇಲ್ಲ, ಗಸ್," ಎಂದು ಪಕ್ಕದ ಹೆಂಗಸು ತಡೆದಳು.

ಉಳಿದ ಸಾಕ್ಷಿಗಳನ್ನೂ ಬಿಡದೆ ಕೆದಕಿ ಮುಗಿಸಲು ಮರುದಿನ ಮಧ್ಯಾಹ್ನವಾಯಿತು. ಕೋರ್ಟಿನಲ್ಲಿ ಗಸ್ ಎದ್ದು ನಿಂತು ತೀರ್ಪು ಓದಿದ: ನಿರಪರಾಧಿ. ಕೋರ್ಟಿನ ಗುಮಾಸ್ತೆ ಜ್ಯೂರರುಗಳನ್ನು ಒಬ್ಬೊಬ್ಬರನ್ನಾಗಿ ಕೇಳುತ್ತ ಬಂದಳು.

"ಏಳನೆಯ ಜ್ಯೂರರ್, ಇದು ನಿಮ್ಮ ತೀರ್ಪೇ?"

ಆರ್ಡಿಸ್ ಏಳನೆಯವರು ಯಾರೆಂದು ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿ ನೋಡಿದಳು. ಎದುರಿಗೆ ಲೈಲ್ ಉಸಿರು ಬಿಗಿಹಿಡಿದು ಅವಳನ್ನೇ ನೋಡುತ್ತಿದ್ದ.

"ನೀನೇ ಕಣೆ," ಎಂದು ಗಸ್ ಮೊಣಕೈಯಿಂದ ತಿವಿದ.

"ಹೌದು," ಎಂದಳು ಆರ್ಡಿಸ್. "ನನ್ನದೇ."