ಚಿನ್ನುವಿನ ಗಂಜಿ

ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದ ನನ್ನೆದುರು ಮಗಳು ಗಂಜಿ ಇಟ್ಟಳು. ಮೇಲೆ ಉದುರಿಸಿದ್ದ ಕೊತ್ತಂಬರಿಯ ಘಮಕ್ಕೆ ಆಂಟಾಪ್ ಹಿಲ್‌ನ ನಮ್ಮ ಹಳೆಯ ಮನೆ ನೆನಪಾಯಿತು.

ಅಲ್ಲಿದ್ದಾಗ ಒಮ್ಮೆ ನಮ್ಮ ಮೊಲ ಚಿನ್ನುವಿಗೆ ಮರಿಯಾಗದ ಹಾಗೆ ಆಪರೇಷನ್ ಮಾಡಿಸಿದ್ದೆವು. ಅವತ್ತೇ ಏನಾದರೂ ತಿನ್ನದಿದ್ದರೆ ಉಳಿಯುವುದು ಕಷ್ಟ ಎಂದಿದ್ದರು ಡಾಕ್ಟರು. ಉಡುಪಿಯಿಂದ ಬಂದ ನಮ್ಮಜ್ಜಿಯ ಪ್ರಕಾರ, ಆಸ್ಪತ್ರೆಯಿಂದ ಬಂದವರು ಯಾರೇ ಆಗಲಿ, ಗಂಜಿಯೇ ಪಥ್ಯ. ಬಟ್ಟಲಲ್ಲಿ ಆರಿಸಿ ಇಟ್ಟರು. ಚಿನ್ನು ಮುಖ ತಿರುಗಿಸಿ ಮುದುಡಿ ಕೂತಿತು.

ಅಪ್ಪ ತಾವು ಕೆಲಸ ಮಾಡುವ ಹೋಟೆಲಿನಿಂದ ಕೊತ್ತಂಬರಿ ತಂದರು. ಅಜ್ಜಿ ಒಂದು ದಂಟು ಹಿಡಿದು ನೆಲದ ಮೇಲೆ ಕೂತವರು ಏಳಲೇ ಇಲ್ಲ. ಕೊನೆಗೂ ಚಿನ್ನು ಮೂಗಾಡಿಸಿ ಕಚ್ಚಿತು.

"ತಿನ್ನು ಮಗಾ, ನಿನ್ನ ಪಥ್ಯ ನಾನು ಮಾಡ್ತೇನೆ" ಎಂದು ಅಜ್ಜಿ ಆ ಗಂಜಿಯನ್ನು ತಾವೇ ಕುಡಿದರು.

ಇವತ್ತು ನಾನೂ ಮುಖ ತಿರುಗಿಸಿದೆ. ಮಗಳು ಚಮಚ ಹಿಡಿದು ಪಕ್ಕದಲ್ಲೇ ಕೂತಳು. ಏಳುವ ಲಕ್ಷಣ ಕಾಣಲಿಲ್ಲ.