ಬಾಚಣಿಗೆಗೆ ಸಿಕ್ಕ ಬಿಳಿ ಎಳೆ

ಲಾಸ್ ಏಂಜಲೀಸ್‌ನ ಗ್ಯಾಲರಿಯಲ್ಲಿ ಆ ಚಿತ್ರ ನೋಡಿದವರು ಅದನ್ನು ರೇಷ್ಮೆ ದಾರ ಅಂದುಕೊಂಡರು. ದಾರವೂ ಅಲ್ಲ ಗೀರವೂ ಅಲ್ಲ, ನಮ್ಮ ಅತ್ತೆಯ ತಲೆಗೂದಲು.

ಆಗ ನಾವಿದ್ದದ್ದು ಸ್ಯಾನ್ ಡಿಯಾಗೋದ ಯೂನಿವರ್ಸಿಟಿ ಸಿಟಿ ಎಂಬ ಬಡಾವಣೆಯಲ್ಲಿ, ಅತ್ತೆಯೂ ಜೊತೆಗಿದ್ದರು. ಎದುರು ಅಪಾರ್ಟ್‌ಮೆಂಟಿನಲ್ಲಿ ಇರಾನಿನ ಕಲಾವಿದೆ. ಬರೆದ ಚಿತ್ರಗಳ ದೆಸೆಯಿಂದ ಅವಳು ಊರಿಗೆ ಕಾಲಿಟ್ಟರೆ ಜೈಲೇ ಗತಿ. ೨೦೨೨ರ ಚಳಿಗಾಲದಲ್ಲಿ ಅಲ್ಲಿ ಅವಳ ತಾಯಿ ತೀರಿಕೊಂಡರು. ಮಣ್ಣು ಮಾಡಿದ್ದನ್ನು ಫೋನಿನಲ್ಲಿ ನೋಡಿದಳು. ಆಮೇಲೆ ಕಂದು ಬಟ್ಟೆಯ ಮೇಲೆ ತಾಯಿಯ ಮುಖವನ್ನು ತನ್ನದೇ ಕಪ್ಪು ಕೂದಲಿನಿಂದ ಹೊಲಿಯಲು ಕೂತಳು. ಮುಖ ಮುಗಿಯಿತು, ತಲೆ ಬೋಳಾಗಿಯೇ ಉಳಿಯಿತು. ತಾಯಿಯದು ಬಿಳಿ ಕೂದಲು. ಬಿಳಿ ದಾರ ಹಾಕಿ ನೋಡಿದಳು, ಜೀವವಿಲ್ಲ ಎಂದು ಬಿಚ್ಚಿದಳು.

ಒಂದು ದಿನ ಬಂದು, ನಿಮ್ಮ ಅತ್ತೆಯ ಉದುರಿದ ಕೂದಲು ಕೊಡುತ್ತೀರಾ ಎಂದಳು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಸಕ್ಕರೆ ಕೇಳಲಿ, ಕಾರು ಬೇಕಾದರೂ ಕೇಳಲಿ, ಕೂದಲು ಕೇಳುವುದೇ? ಆದರೂ ಒಳಗೆ ಹೋಗಿ ಹೇಳಿದೆ.

"ತಲೆಗೂದಲು ಕಂಡೋರ ಕೈಗೆ ಕೊಡ್ತಾರೇನೇ? ಮಾಟ ಮಾಡ್ಸೋಕಾ?" ಎಂದರು ಅತ್ತೆ. ಉದುರಿದ ಎಳೆಯನ್ನೆಲ್ಲ ಬೆರಳಿಗೆ ಸುತ್ತಿ, ಥೂ ಎಂದು ಉಗಿದೇ ಬಿಸಾಡುವವರು ಅವರು.

"ಅವರಮ್ಮನ ಚಿತ್ರಕ್ಕಂತೆ ಅತ್ತೆ. ಮಣ್ಣಿಗೂ ಹೋಗೋಕಾಗ್ಲಿಲ್ಲ ಅವಳಿಗೆ."

ಆ ಶುಕ್ರವಾರ ತಲೆಗೆ ನೀರು ಹಾಕಿಕೊಂಡು ಬಾಲ್ಕನಿಯಲ್ಲಿ ಕೂತ ಅತ್ತೆ, "ಕರಿ ಅವಳನ್ನ," ಎಂದರು. "ನಾನಾಗಿ ಕೊಡಬಾರದು, ಅಷ್ಟೇ. ಮನೆ ಮಗಳ ಥರ ತಲೆ ಬಾಚಿದ್ರೆ, ಬಾಚಣಿಗೇಲಿ ಬಂದಿದ್ದು ಅವಳ ಕೈಲೇ ಇರುತ್ತಲ್ಲ." ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ನನಗೆ ನಗು ಬಂತು.

ಕೆಲವು ಶುಕ್ರವಾರ ಹೀಗೇ ನಡೆಯಿತು. ಕೊನೆಗೊಂದು ದಿನ, ಚಿತ್ರಕ್ಕೆ ಇಷ್ಟು ಸಾಕು ಎಂದಳು. ಆದರೆ ಬಾಚಣಿಗೆ ಕೆಳಗಿಡಲಿಲ್ಲ.

"ನಾನು ಊರು ಬಿಟ್ಟಾಗ ಅಮ್ಮನ ಕೂದಲು ಕಪ್ಪಗಿತ್ತು," ಎಂದು ಇಂಗ್ಲಿಷಿನಲ್ಲಿ ನನಗೆ ಹೇಳಿದಳು. "ಬೆಳ್ಳಗಾದ ಮೇಲೆ ಮುಟ್ಟೇ ಇಲ್ಲ."

ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ.

ಅತ್ತೆಯ ತಲೆಯಲ್ಲಿ ಒಂದು ಸಿಕ್ಕೂ ಉಳಿದಿರಲಿಲ್ಲ. ಅವರು ತಿರುಗಿ ನೋಡದೆ, "ಸಿಕ್ಕು ಇನ್ನೂ ಬಿಟ್ಟಿಲ್ಲ ಅಂತ ಹೇಳು," ಎಂದರು. "ಬಾಚ್ಲಿ."